ಸೈಕಾಲಜಿ ಸೈನ್ಸ್ ಹೌದೋ ಅಲ್ಲವೋ

ಕಲಬುರಗಿ

ಪ್ರೀತಿಯ ದೋಸ್ತ,

ಮಗಳು ಸೈಕಾಲಜಿ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಅದೂ ಒಂದು ಸೈನ್ಸಾ ಅಂತ ಕೇಳಿದ್ದೀಯಲ್ಲ. ಇಲ್ಲಿ ನಾನು ಸೈಕಾಲಜಿ ಮೇಷ್ಟ್ರು ಅಂತ ಗೊತ್ತಾದರೆ ಸಾಕು, 'ನನ್ನ ಮನಸಿನ್ಯಾಗ ಏನದ ಹೇಳ್ರಿ ನೋಡಮ್' ಅನ್ನುತ್ತಾರೆ. ನಿನ್ನ ಅನುಮಾನವೇ ವಾಸಿ. ಅದರ ಹಿಂದೆ ದೊಡ್ಡವರೂ ಇದ್ದಾರೆ. ಮನಸ್ಸು ಲೆಕ್ಕಕ್ಕೆ ಸಿಗುವುದಿಲ್ಲ, ಆದ್ದರಿಂದ ಅದರ ಅಧ್ಯಯನ ಖರೇ ವಿಜ್ಞಾನ ಆಗಲಾರದು ಅಂತ ತತ್ವಜ್ಞಾನಿ ಕಾಂಟ್ 1786ರಲ್ಲೇ ಬರೆದಿದ್ದ.

ಉತ್ತರ ಸಿಕ್ಕಿದ್ದು ತೂಕದಿಂದ. ಒಂದು ಕೆಜಿ ತೊಗರಿಬೇಳೆ ಕೈಯಲ್ಲಿ ಹಿಡಿದುಕೋ. ಮೇಲೆ ನೂರು ಗ್ರಾಂ ಹಾಕಿದರೆ ಗೊತ್ತಾಗುತ್ತದೆ. ಇಪ್ಪತ್ತು ಕೆಜಿ ಚೀಲಕ್ಕೆ ಅದೇ ನೂರು ಗ್ರಾಂ ಹಾಕು, ನಮ್ಮ ಗಂಜ್ ಮಾರ್ಕೆಟ್ಟಿನ ಹಮಾಲರಿಗೂ ತಿಳಿಯಲ್ಲ. ಎಷ್ಟು ಹೆಚ್ಚಾದರೆ ತಿಳಿಯುತ್ತದೆ ಅನ್ನುವುದು ಮೊದಲಿದ್ದ ತೂಕದ ಇಂತಿಷ್ಟು ಪಾಲು ಅಂತ ಜರ್ಮನಿಯ ವೇಬರ್ ಕಂಡುಕೊಂಡ. ಫೆಕ್ನರ್ ಅದನ್ನು ಸೂತ್ರಕ್ಕೆ ಇಳಿಸಿ 1860ರಲ್ಲಿ ಪುಸ್ತಕ ಬರೆದ. ಮನಸ್ಸಿಗೆ ಅನಿಸುವುದೂ ಲೆಕ್ಕಕ್ಕೆ ಸಿಕ್ಕಿತು, ಅಲ್ವಾ?

1879ರಲ್ಲಿ ವುಂಟ್ ಅನ್ನುವ ಪ್ರೊಫೆಸರ್ ಜರ್ಮನಿಯ ಲೈಪ್ಜಿಗ್‌ನಲ್ಲಿ ಪ್ರಯೋಗಾಲಯ ತೆರೆದ. ಸೈಕಾಲಜಿಯ ಹುಟ್ಟು ಅಂತ ಎಲ್ಲರೂ ಹೇಳುವುದು ಇದನ್ನೇ. ಸದ್ದು ಕೇಳಿದ ಕೂಡಲೇ ಗುಂಡಿ ಒತ್ತಬೇಕು, ನಡುವೆ ಎಷ್ಟು ಹೊತ್ತಾಯಿತು ಅಂತ ಸೆಕೆಂಡಿನ ಸಾವಿರದ ಭಾಗದಲ್ಲಿ ಅಳೆಯುವುದು. ನೋಡೋಕೆ ಪೂರಾ ಬೋರು. ಆದರೆ ಅದನ್ನೇ ಇನ್ನೊಬ್ಬರು ಇನ್ನೊಂದು ಊರಿನಲ್ಲಿ ಮಾಡಿ ತಾಳೆ ನೋಡಬಹುದಿತ್ತು. ನನ್ನ ಪ್ರಕಾರ ಸೈನ್ಸ್ ಅನ್ನಿಸಿಕೊಳ್ಳೋಕೆ ಅಷ್ಟು ಸಾಕು.

ವ್ಯಾಖ್ಯೆ ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ವುಂಟ್‌ಗೆ ಅದು ಪ್ರಜ್ಞೆಯ ಅಧ್ಯಯನ. 1890ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಮಾನಸಿಕ ಬದುಕಿನ ವಿಜ್ಞಾನ ಅಂದ. 1913ರಲ್ಲಿ ಅಮೆರಿಕದವನೇ ಆದ ವಾಟ್ಸನ್ ಬಂದು, ಒಳಗಿನ ಮಾತು ಬಿಡಿ, ಕಣ್ಣಿಗೆ ಕಾಣುವ ವರ್ತನೆ ಮಾತ್ರ ನೋಡಿ ಅಂದ. ಅವನದು ಸ್ವಲ್ಪ ಅತಿಯಾಯಿತು. ಆದರೂ ಮನುಷ್ಯ ತನ್ನ ಬಗ್ಗೆ ಹೇಳಿಕೊಂಡಿದ್ದನ್ನೆಲ್ಲ ಸುಮ್ನೆ ನಂಬಬಾರದು ಅನ್ನುವ ಎಚ್ಚರ ಅವನಿಂದ ಗಟ್ಟಿಯಾಯಿತು. ಈಗಿನ ಪುಸ್ತಕಗಳು ಮನಸ್ಸು, ವರ್ತನೆ ಎರಡನ್ನೂ ಸೇರಿಸಿಕೊಳ್ಳುತ್ತವೆ.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಕಲ್ಕತ್ತಾದಲ್ಲಿ 1916ಕ್ಕೇ ವಿಭಾಗ ಇತ್ತು. ಮೈಸೂರಿನಲ್ಲಿ 1924ರಲ್ಲಿ ಎಂ.ವಿ. ಗೋಪಾಲಸ್ವಾಮಿ ಶುರು ಮಾಡಿದರು. ಆಮೇಲೆ ಮನೆಯಿಂದಲೇ 'ಆಕಾಶವಾಣಿ' ರೇಡಿಯೋ ನಡೆಸಿದವರೂ ಅವರೇ!

ಮಗಳಿಗೆ ಒಂದು ಮಾತು ಮೊದಲೇ ಹೇಳು. ಸ್ಟ್ಯಾಟಿಸ್ಟಿಕ್ಸ್ ಜಾಸ್ತಿ ಇರುತ್ತದೆ. ಗಣಿತ ತಪ್ಪಿಸಿಕೊಳ್ಳೋಕೆ ಅಂತ ಈ ಕಡೆ ಬರುತ್ತಿದ್ದರೆ ಬೇಡ. ಕೌನ್ಸೆಲಿಂಗ್ ಮಾಡುವ ಆಸೆಯಿದ್ದರೆ ಡಿಗ್ರಿ ಒಂದೇ ಸಾಲದು, ಮುಂದೆಯೂ ಓದಬೇಕು. ರಜೆಗೆ ಊರಿಗೆ ಬಂದಾಗ ಮನೆಗೆ ಕಳಿಸು, ಕೂತು ಮಾತಾಡುತ್ತೇನೆ.

ನಿನ್ನ ದೋಸ್ತ