ಹುಟ್ಟಿದ ವಾರದಲ್ಲೇ ಎಸ್‌ಎಂಎ ಪರೀಕ್ಷೆ ಮಾಡಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನನ್ನದು ಒಂದೇ ಬೇಡಿಕೆ. ರಾಜ್ಯದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಮೊದಲ ವಾರದಲ್ಲೇ ಎಸ್‌ಎಂಎ, ಅಂದರೆ ಬೆನ್ನುಹುರಿಯ ನರಕೋಶಗಳು ಸತ್ತು ಸ್ನಾಯುಗಳು ಸೊರಗುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಹಿಮ್ಮಡಿ ಚುಚ್ಚಿ ತೆಗೆದ ಕೆಲವು ಹನಿ ರಕ್ತ ಸಾಕು. ಇಲಾಖೆಗೆ ಎಷ್ಟೋ ಸಲ ಬರೆದೆ. "ಪರಿಶೀಲಿಸಲಾಗುವುದು" ಎನ್ನುವುದು ಬಿಟ್ಟರೆ ಬೇರೆ ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಎಸ್‌ಎಂಎ ಇದೆ. ಕೂರಿಸಿದರೆ ಕೂರುತ್ತಾಳೆ, ನಿಲ್ಲಲು ಆಗುವುದಿಲ್ಲ. ವರ್ಷ ತುಂಬುತ್ತಾ ಬಂದರೂ ಕಾಲೂರುತ್ತಿಲ್ಲ ಎಂದು ಡಾಕ್ಟರಿಗೆ ತೋರಿಸಿದಾಗ, "ಕೆಲವು ಮಕ್ಕಳು ನಿಧಾನ, ಎಣ್ಣೆ ಹಚ್ಚಿ ತಿಕ್ಕಿ" ಅಂದರು. ತಿಕ್ಕಿದೆವು. ಆ ತಿಂಗಳುಗಳಲ್ಲೆಲ್ಲ ಅವಳ ಬೆನ್ನುಹುರಿಯ ನರಕೋಶಗಳು ಸಾಯುತ್ತಿದ್ದವು. ಆಮೇಲೆ ಅಂಗವೈಕಲ್ಯದ ಸರ್ಟಿಫಿಕೇಟಿಗೆ ಹೋದೆವು. ಅಲ್ಲಿನವರು ಫೈಲು ಪೂರ್ತಿ ಓದದೆ, "ಮಗೂನ ಒಂದ್ಸಲ ನಿಲ್ಲಿಸಿ, ನೋಡೋಣ" ಅಂದರು. ಆಗಲ್ಲ ಅಂದೆ. "ಪ್ರಯತ್ನ ಮಾಡಿ" ಅಂದರು. ಅಷ್ಟು ಜನರ ಮುಂದೆ ಅವಳ ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದೆ. ಅವಳು ಅಳಲಿಲ್ಲ, ನನ್ನ ಮುಖ ನೋಡಿದಳು. ಇದನ್ನು ನಾನು ಮರೆಯುವುದಿಲ್ಲ ಸ್ವಾಮಿ.

ಈ ರೋಗದಲ್ಲಿ ಸಮಯವೇ ಎಲ್ಲ. ಇದನ್ನು ತೋರಿಸಿಕೊಟ್ಟಿದ್ದು ಇಲಿಗಳು. ಎಸ್‌ಎಂಎನ್1 ಎಂಬ ಜೀನ್ ಕೆಟ್ಟರೆ ಮನುಷ್ಯರಿಗೆ ಈ ರೋಗ ಬರುತ್ತದೆ. ಇಲಿಯಲ್ಲಿ ಇಂಥ ಜೀನ್ ಒಂದೇ ಇದೆ, ಅದರ ಹೆಸರು ಎಸ್‌ಎಂಎನ್. ಅದನ್ನು ಪೂರ್ತಿ ತೆಗೆದರೆ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಮೊದಲೇ ಸಾಯುತ್ತದೆ ಎಂದು 1997ರಲ್ಲಿ ಗೊತ್ತಾಯಿತು. ಈ ಜೀನ್ ಮಾಡಿಸುವ ಪ್ರೋಟೀನ್ ಪ್ರತಿ ಜೀವಕೋಶಕ್ಕೂ ಬೇಕು. ಮನುಷ್ಯರಲ್ಲಿ ಎಸ್‌ಎಂಎನ್2 ಎಂಬ ಇನ್ನೊಂದು ಜೀನ್ ಇದೆ. ಅದರಿಂದ ಸರಿಯಾದ ಪ್ರೋಟೀನ್ ಸಿಗುವುದು ಸ್ವಲ್ಪವೇ. ನನ್ನ ಮಗಳು ಉಳಿದಿರುವುದು ಆ ಸ್ವಲ್ಪದಿಂದ. 2000ರಲ್ಲಿ ತೈವಾನ್ ಮತ್ತು ಅಮೆರಿಕದ ವಿಜ್ಞಾನಿಗಳು ಮನುಷ್ಯರ ಈ ಎರಡನೇ ಜೀನನ್ನು, ಸ್ವಂತ ಜೀನ್ ತೆಗೆದ ಇಲಿಗಳಿಗೆ ಸೇರಿಸಿದರು. ಎರಡು ಪ್ರತಿ ಇದ್ದ ಮರಿಗಳು ಒಂದು ವಾರದೊಳಗೆ ಸತ್ತವು. ಎಂಟು ಪ್ರತಿ ಇದ್ದವು ಆರೋಗ್ಯವಾಗಿದ್ದವು.

2010ರಲ್ಲಿ ಅಮೆರಿಕದಲ್ಲಿ ಇಂಥ ಮರಿಗಳಿಗೆ ಸರಿಯಾದ ಜೀನ್ ಕೊಟ್ಟು ನೋಡಿದರು. ಹುಟ್ಟಿದ ಮರುದಿನ ಕೊಟ್ಟ ಮರಿಗಳು ಬದುಕಿ ಓಡಾಡಿದವು. ಐದನೇ ದಿನ ಕೊಟ್ಟಾಗ ಅರ್ಧಂಬರ್ಧ ಗುಣ. ಹತ್ತನೇ ದಿನಕ್ಕೆ ಹೆಚ್ಚೇನೂ ಉಪಯೋಗವಾಗಲಿಲ್ಲ. ಮದ್ದು ಅದೇ, ಕೊಟ್ಟ ದಿನ ಮಾತ್ರ ಬೇರೆ. ಮಕ್ಕಳಲ್ಲೂ ಕಂಡಿದ್ದು ಇದೇ. ಲಕ್ಷಣ ಕಾಣುವ ಮೊದಲೇ ಈ ರೋಗಕ್ಕೆ ಕೊಡುವ ನುಸಿನರ್ಸೆನ್ ಚುಚ್ಚುಮದ್ದು ಶುರು ಮಾಡಿದ ಮಕ್ಕಳಲ್ಲಿ ಹೆಚ್ಚಿನವರು ತಾವಾಗಿಯೇ ನಡೆದಾಡಿದರು. ಹೀಗಾಗಿಯೇ ಅಮೆರಿಕ 2018ರಲ್ಲಿ ನವಜಾತ ಶಿಶುಗಳ ಪರೀಕ್ಷಾ ಪಟ್ಟಿಗೆ ಎಸ್‌ಎಂಎ ಸೇರಿಸಿತು.

2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಈ ರೋಗದ ಹೆಸರಿರುವುದು ನಿಮಗೆ ಗೊತ್ತೇ ಇದೆ. 50 ಲಕ್ಷದವರೆಗೆ ನೆರವು ಅಂತಲೂ ಇದೆ. ಸರಿ. ಕಾಲು ಹೋದ ಮೇಲೆ ಆ ದುಡ್ಡು ಬಂದರೆ ಕಾಲು ವಾಪಸ್ ಬರುತ್ತದೆಯೇ? ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ರೋಗ ಇದೆ ಎಂದು ಮೊದಲೇ ಗೊತ್ತಾಗಬೇಕು, ಅಲ್ವಾ? ಗೊತ್ತಾಗಬೇಕಾದರೆ ಪರೀಕ್ಷೆ ಬೇಕು. ಸುಮಾರು 10,000 ಮಕ್ಕಳಲ್ಲಿ ಒಂದಕ್ಕೆ ಈ ರೋಗ ಬರುತ್ತದೆ. ಅಷ್ಟು ಕಡಿಮೆ ಮಕ್ಕಳಿಗಾಗಿ ಯಾಕೆ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಆ ಮಾತನ್ನು ಅಂಥ ಒಂದು ಮಗುವಿನ ಮನೆಗೆ ಬಂದು ಹೇಳಲಿ.

ನನ್ನ ಮಗಳಿಗೆ ಆ ಸಮಯ ಮೀರಿಹೋಯಿತು. ಇವತ್ತು ಹೆರಿಗೆ ವಾರ್ಡಿನಲ್ಲಿರುವ ಮಕ್ಕಳಿಗೆ ಇನ್ನೂ ಇದೆ. ಮೊದಲು ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಶುರು ಮಾಡಿ, ಆಮೇಲೆ ಖಾಸಗಿಯವರಿಗೂ ಕಡ್ಡಾಯ ಮಾಡಿ. ಇನ್ನೊಂದು ಸಮಿತಿ ಬೇಡ. ಆದೇಶ ಹೊರಡಿಸಿ. ಯಾವ ತಾರೀಖಿನಿಂದ ಪರೀಕ್ಷೆ ಶುರುವಾಗುತ್ತದೆ ಎಂದು ಲಿಖಿತವಾಗಿ ತಿಳಿಸಿ.

ಇಂತಿ,
ಎಸ್‌ಎಂಎ ಇರುವ ಮಗುವೊಂದರ ತಾಯಿ