ಗೆಳೆಯನಿಗೊಂದು ಪತ್ರ: ಬಾಗಿಲಿನ ಈಚೆ

ಲೋ ಮಾರಾಯ,

ಪತ್ರ ಬರೆದು ಎಷ್ಟು ದಿನ ಆಯಿತು ಅಂತ ಲೆಕ್ಕ ತೆಗೀಬೇಡ. ನನ್ನ ಛತ್ರಿ ಇನ್ನೂ ನಿನ್ನ ಹತ್ತಿರಾನೇ ಇದೆ. ಅಲ್ಲಿಗೆ ಸಮ ಆಯಿತು.

ಹೋದ ವಾರ ಇನ್ನೊಂದು ಕುಟುಂಬ ಸಭೆ ಮಾಡಿಸಿದೆ. ಏಟು ತಿಂದ ಮಗುವಿನ ವಿಷಯ. ಅದಕ್ಕಿಂತ ಜಾಸ್ತಿ ಹೇಳಬಾರದು. ಮಗು ಎಲ್ಲಿರಬೇಕು, ಯಾರು ಕಣ್ಣಿಟ್ಟಿರಬೇಕು ಅಂತ ಮಕ್ಕಳ ರಕ್ಷಣೆಯ ಕೆಲಸ ಮಾಡುವ ನಾವೇ ಬರೆದು ಸಹಿ ಹಾಕಿಸುವ ಸಭೆಯಲ್ಲ ಇದು. ಮನೆಯವರೇ ಕೂತು ದಾರಿ ಹುಡುಕಬೇಕು. ನ್ಯೂಜಿಲೆಂಡ್ 1989ರಲ್ಲೇ ಇದನ್ನು ಕಾನೂನು ಮಾಡಿತು. ಮನೆಯವರನ್ನು ಒಂದು ಮಾತೂ ಕೇಳದೆ ಸರ್ಕಾರದವರು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ ಅನ್ನುವ, ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಸಿಟ್ಟು ಅದರ ಹಿಂದಿತ್ತು. ಅವರ ಭಾಷೆಯಲ್ಲಿ 'ಫಾನೌ', ಅಂದರೆ ಕುಟುಂಬ, ಅಂದರೆ ಅಪ್ಪ ಅಮ್ಮ ಅಷ್ಟೇ ಅಲ್ಲ, ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲರೂ. (ನಿನಗೆ ಮೂರು ಸಲ ಹೇಳಿದ್ದೇನೆ, ಗೊತ್ತು. ಇದು ಉಳಿದವರಿಗೆ.)

ಸಭೆಯಲ್ಲಿ ಒಂದು ಹೊತ್ತು ಬರುತ್ತದೆ. ಏನಾಗಿದೆ, ಯಾವುದು ಮತ್ತೆ ಆಗಕೂಡದು ಅಂತ ಹೇಳಿ ನಾವು ಹೊರಗೆ ಬಂದುಬಿಡಬೇಕು. ಒಳಗೆ ಮನೆಯವರು ಮಾತ್ರ. ಅವರು ಬರೆದುಕೊಟ್ಟದ್ದರಲ್ಲಿ ಮಗುವಿಗೆ ಅಪಾಯ ಇಲ್ಲ ಅನ್ನಿಸಿದರೆ ಒಪ್ಪಬೇಕು.

ನಾನು ಹೊರಗೆ ಬೆಂಚಿನ ಮೇಲೆ ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡುತ್ತಾ ಕೂತಿದ್ದೆ. ಒಳಗೆ ಜೋರು ಗಲಾಟೆ. ಆಮೇಲೆ ಒಮ್ಮೆಲೇ ಸದ್ದಿಲ್ಲ. ನನಗೆ ಭಯವಾದದ್ದು ಆಗ.

ನಮ್ಮ ಮನೆಯಲ್ಲಿ ಇಂಥ ಸಭೆ ನಡೆದಿದ್ದರೆ ಐದು ನಿಮಿಷಕ್ಕೆ ಮುಗಿಯುತ್ತಿತ್ತು ಕಣೋ. 'ಹುಡುಗ ಬಿದ್ದ' ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಆರನೇ ಕ್ಲಾಸಿನಲ್ಲಿ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದಾಗ ನಿನಗೆ ಸೈಕಲ್ ಕಥೆ ಹೇಳಿದ್ದೆನಲ್ಲ. ನಮ್ಮ ಮನೆಯಲ್ಲಿ ಸೈಕಲ್ಲೇ ಇರಲಿಲ್ಲ. ನಿನಗೆ ಗೊತ್ತಿತ್ತು, ಅಲ್ವಾ?

ನಿಜ ಹೇಳುತ್ತಿದ್ದವರು ಒಬ್ಬರೇ, ಸಣ್ಣತ್ತೆ. ಅವರಿಗೂ ನಮ್ಮ ಮನೆಗೂ ಮಾತು ನಿಂತು ವರ್ಷಗಳಾಗಿದ್ದವು. ಅವರನ್ನು ಯಾರು ಕರೆಯುತ್ತಿದ್ದರು?

ಅದಕ್ಕೇ ಇರಬೇಕು, ಸಭೆಗೆ ಮುಂಚೆ ಫೋನ್ ಮಾಡುವಾಗ 'ಯಾರು ಬರೋದು ಬೇಡ?' ಅಂತಲೂ ಕೇಳುತ್ತೇನೆ. ಮಗು ಹೆದರುವವರನ್ನು ಬಿಟ್ಟು, ಅಲ್ಲಿ ಬಂದ ಹೆಸರನ್ನೇ ಮೊದಲು ಹುಡುಕುತ್ತೇನೆ. ಇಷ್ಟು ದಿನ ಇದನ್ನು ಅನುಭವ ಅಂದುಕೊಂಡಿದ್ದೆ. ಸಹೋದ್ಯೋಗಿಗಳೂ ಹಾಗೇ ಅಂದುಕೊಂಡಿದ್ದಾರೆ. ನಾನು ಇನ್ನೂ ಸಣ್ಣತ್ತೆಯನ್ನೇ ಹುಡುಕುತ್ತಿದ್ದೇನೆ ಅಂತ ಆ ಬೆಂಚಿನ ಮೇಲೆ ಗೊತ್ತಾಯಿತು.

ಕೊನೆಗೆ ಬಾಗಿಲು ತೆಗೆಯಿತು. ಕಣ್ಣು ಕೆಂಪಾದ ಒಬ್ಬರು ಹಾಳೆ ಕೊಟ್ಟರು. ರಾತ್ರಿ ಹೆದರಿಕೆಯಾದರೆ ಮಗು ಯಾರಿಗೆ ಫೋನ್ ಮಾಡಬೇಕು ಅಂತ ಮೊದಲ ಸಾಲಿನಲ್ಲೇ ಇತ್ತು. ಆ ಸಾಲು ನನಗೆ ಹೊಳೆದಿರಲಿಲ್ಲ.

ಸಾಕು ಬಿಡು. ಛತ್ರಿ ಕೇಳೋಣ ಅಂತ ಶುರು ಮಾಡಿದ ಪತ್ರ ಇದು, ಎಲ್ಲಿಗೋ ಹೋಯಿತು. ಓದಿದವರು ಕೈಮುಗಿಯುವ ಚಿತ್ರ ಒತ್ತುತ್ತಾರೆ. ನೀನು ಒತ್ತಬೇಡ. ಫೋನ್ ಮಾಡಿ ಸುಮ್ನೆ ಬೈಯಿ.

ಇಂತಿ,
ಸೈಕಲ್ಲೇ ಇಲ್ಲದೆ ಸೈಕಲ್ಲಿಂದ ಬಿದ್ದ ನಿನ್ನ ಗೆಳೆಯ