ರ‍್ಯಾಂಕಿಂಗ್ ಆಮೇಲೆ ನೋಡು, ಮೊದಲು ಲೈಸೆನ್ಸ್: ಅಮೆರಿಕಕ್ಕೆ ನರ್ಸಿಂಗ್ ಓದಲು ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಕಾಲೇಜುಗಳ ಪಟ್ಟಿ ನೋಡಿದೆ. ರ‍್ಯಾಂಕಿಂಗ್ ಪ್ರಕಾರ ಚೆನ್ನಾಗಿಯೇ ಜೋಡಿಸಿದ್ದೀಯ. ಆದರೆ ಅದರಲ್ಲಿ ಎರಡು ಕಾಲಂ ಇಲ್ಲ. ಆ ಕಾಲೇಜು ಇರುವ ರಾಜ್ಯ ನಿನಗೆ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಕೊಡುತ್ತದೆಯೇ ಅನ್ನೋದು ಒಂದು. ಆ ಕೋರ್ಸಿಗೆ ವಿದೇಶಿ ವಿದ್ಯಾರ್ಥಿಗಳಿಗೆ ಐ-20, ಅಂದರೆ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಕಾಲೇಜಿನ ಪತ್ರ, ಕೊಡುತ್ತಾರೆಯೇ ಅನ್ನೋದು ಇನ್ನೊಂದು. ಇವೆರಡು ಗೊತ್ತಾಗುವ ತನಕ ಯಾರಿಗೂ ಅರ್ಜಿ ಶುಲ್ಕ ಕಟ್ಟಬೇಡ.

ಎಂಜಿನಿಯರಿಂಗ್ ಓದಲು ಬರುವವರಿಗೆ ಈ ತಲೆನೋವಿಲ್ಲ. ಅಡ್ಮಿಷನ್ ಸಿಕ್ಕಿತು, ವೀಸಾ ಸಿಕ್ಕಿತು, ವಿಮಾನ ಹತ್ತಿದರು. ನಾವು ಓದುತ್ತಲೇ ರೋಗಿಯನ್ನು ಮುಟ್ಟಬೇಕು. ಮುಟ್ಟೋಕೆ ಆ ರಾಜ್ಯದ ಅನುಮತಿ ಬೇಕು. ಏಜೆಂಟರು ಈ ಮಾತನ್ನು ಕೊನೆಗೆ ಹೇಳುತ್ತಾರೆ, ಅದೂ ಹೇಳಿದರೆ.

ನೀನು ಕೇಳಿದ ಅನಸ್ತೀಶಿಯಾ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಉತ್ತರ ನಿನಗೆ ಇಷ್ಟವಾಗಲ್ಲ. ನರ್ಸ್ ಅನಸ್ತೆಟಿಸ್ಟ್, ಅಂದರೆ ಅರಿವಳಿಕೆ ಕೊಡುವ ನರ್ಸ್, ಆಗಬೇಕಾದರೆ 2022ರಿಂದ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದ ಕೋರ್ಸನ್ನೇ ಮಾಡಬೇಕು. ಕಡಿಮೆ ಅಂದರೂ 36 ತಿಂಗಳು. ಅದು ದೊಡ್ಡ ಸಮಸ್ಯೆ ಅಲ್ಲ ಬಿಡು. ಸೇರುವ ಮುಂಚೆ ಕನಿಷ್ಠ ಒಂದು ವರ್ಷ ಐಸಿಯು ಅನುಭವ ಇರಬೇಕು, ಮತ್ತು ಆ ಅನುಭವ ಅಮೆರಿಕದ ಐಸಿಯುನಲ್ಲೇ ಆಗಿರಬೇಕು. ನೀನು ಅಲ್ಲಿ ವೆಂಟಿಲೇಟರ್ ಪಕ್ಕ ನಿಂತು ಕಳೆದ ರಾತ್ರಿಗಳೆಲ್ಲ ಈ ಲೆಕ್ಕಕ್ಕೆ ಸೊನ್ನೆ. ಅನ್ಯಾಯ ಅಲ್ವಾ? ಆದರೆ ನಿಯಮ ಹಾಗಿದೆ. ವಿದ್ಯಾರ್ಥಿ ವೀಸಾದಲ್ಲಿ ಬಂದವನು ಓದುತ್ತಲೇ ಇಲ್ಲಿ ಐಸಿಯುನಲ್ಲಿ ಕೆಲಸಕ್ಕೆ ಸೇರಿ ಆ ವರ್ಷ ಗಳಿಸುವಂತಿಲ್ಲ. ಇನ್ನು ಸ್ಟಾಫ್ ನರ್ಸ್ ಆಗಿ ಗ್ರೀನ್ ಕಾರ್ಡ್ ಮೇಲೆ ಬರುವ ದಾರಿ. ಅದಕ್ಕೆ ಇಬಿ-3 ಅನ್ನೋ ಉದ್ಯೋಗದ ವರ್ಗ ಇದೆ, ನರ್ಸ್‌ಗಳಿಗೆ ಲೇಬರ್ ಸರ್ಟಿಫಿಕೇಶನ್‌ನಿಂದ (ಈ ಕೆಲಸಕ್ಕೆ ಇಲ್ಲಿನವರು ಸಿಗಲಿಲ್ಲ ಅನ್ನೋ ಸರ್ಕಾರಿ ದೃಢೀಕರಣ) ವಿನಾಯಿತಿಯೂ ಇದೆ. ಆದರೆ ಭಾರತದಲ್ಲಿ ಹುಟ್ಟಿದವರ ಸರದಿ ಹತ್ತು ವರ್ಷಕ್ಕೂ ಮೀರಿದ್ದು. ಹಾಗಾಗಿ ಪಟ್ಟಿಯಲ್ಲಿರುವ ಅನಸ್ತೀಶಿಯಾ ಕೋರ್ಸುಗಳನ್ನು ಸದ್ಯಕ್ಕೆ ತೆಗೆದುಬಿಡು. ಅವಕ್ಕೆ ಕಟ್ಟುವ ದುಡ್ಡು ನೀರಿಗೆ ಹಾಕಿದ ಹಾಗೆ.

ನಿನಗೆ ಹೊಂದುವುದು ನರ್ಸ್ ಪ್ರಾಕ್ಟಿಷನರ್. ಅದರಲ್ಲೂ ಅಕ್ಯೂಟ್ ಕೇರ್, ಅಂದರೆ ಗಂಭೀರ ಸ್ಥಿತಿಯ ರೋಗಿಗಳನ್ನು ನೋಡುವ ವಿಭಾಗ. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಶುರು ಮಾಡಿದ ಕೆಲಸ ಇದು. ಇವತ್ತು ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟಿಷನರ್ ಡಾಕ್ಟರ ಮೇಲ್ವಿಚಾರಣೆ ಇಲ್ಲದೆಯೇ ಪರೀಕ್ಷಿಸಿ, ರೋಗ ಗುರುತಿಸಿ, ಔಷಧಿ ಬರೆಯಬಹುದು. ಎಲ್ಲರೂ ಫ್ಯಾಮಿಲಿ ಪ್ರಾಕ್ಟೀಸ್ ಕಡೆ ಓಡುತ್ತಾರೆ, ಕೆಲಸ ಬೇಗ ಸಿಗುತ್ತದೆ ಅಂತ. ನೀನು ಓಡಬೇಡ. ಸೆಪ್ಸಿಸ್ ರೋಗಿಯ ಬಿಪಿ ಇಳಿಯುವ ಮುಂಚೆಯೇ ನಿನಗೆ ವಾಸನೆ ಹೊಡೆಯುತ್ತದೆ. ಅಂಥವನು ಕ್ಲಿನಿಕ್‌ನಲ್ಲಿ ಕೂತು ಕೆಮ್ಮು ನೆಗಡಿ ನೋಡುವುದು ನನಗಂತೂ ಸರಿ ಕಾಣಲ್ಲ.

ಈಗ ಐ-20 ವಿಷಯ. ನಿನ್ನ ಪಟ್ಟಿಯ ಅರ್ಧ ಕಾಲೇಜುಗಳು ಇಲ್ಲೇ ಬಿದ್ದುಹೋಗಬಹುದು. ಇಲ್ಲಿನ ಸ್ನಾತಕೋತ್ತರ ನರ್ಸಿಂಗ್ ಕೋರ್ಸುಗಳಲ್ಲಿ ಬಹಳಷ್ಟು ಆನ್‌ಲೈನ್ ಅಥವಾ ಅರ್ಧ ಆನ್‌ಲೈನ್. ಕೆಲಸ ಮಾಡುತ್ತಲೇ ಓದುವ ಇಲ್ಲಿನ ನರ್ಸ್‌ಗಳಿಗಾಗಿ ಮಾಡಿದ್ದು. ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ಬಂದವನು ಪೂರ್ಣಾವಧಿ ಓದಿನ ಲೆಕ್ಕಕ್ಕೆ ಒಂದು ಸೆಮಿಸ್ಟರ್‌ನಲ್ಲಿ ಒಂದೇ ಆನ್‌ಲೈನ್ ಕೋರ್ಸ್ ಅಥವಾ ಮೂರು ಕ್ರೆಡಿಟ್ ಹಿಡಿಯಬಹುದು. ಹಾಗಾಗಿ ಎಷ್ಟೇ ದೊಡ್ಡ ಹೆಸರಿನ ಕಾಲೇಜಾದರೂ ಆ ಕೋರ್ಸಿಗೆ ಐ-20 ಕೊಡಲು ಬರಲ್ಲ. ವಿಶ್ವವಿದ್ಯಾಲಯದ ವೆಬ್‌ಸೈಟ್ ತುಂಬ ವಿದೇಶಿ ವಿದ್ಯಾರ್ಥಿಗಳ ನಗುಮುಖ ಇರುತ್ತದೆ. ಅದು ವಿಶ್ವವಿದ್ಯಾಲಯದ ಮಾತಾಯಿತು, ನಿನ್ನ ಕೋರ್ಸಿನದಲ್ಲ. ನರ್ಸಿಂಗ್ ವಿಭಾಗಕ್ಕೇ ಇಮೇಲ್ ಬರೆದು, ಕೋರ್ಸಿನ ಹೆಸರು ಹಾಕಿ, ಐ-20 ಕೊಡುತ್ತೀರಾ ಅಂತ ನೇರವಾಗಿ ಕೇಳು. ಉತ್ತರ ಬರಹದಲ್ಲಿ ಇಟ್ಟುಕೋ.

ಅದೇ ಇಮೇಲ್‌ನಲ್ಲಿ ಪ್ರಿಸೆಪ್ಟರ್ (ಆಸ್ಪತ್ರೆಯಲ್ಲಿ ಜೊತೆಗಿದ್ದು ಕಲಿಸುವವರು) ಬಗ್ಗೆಯೂ ಕೇಳು. 2022ರ ಮಾನದಂಡದ ಪ್ರಕಾರ ನರ್ಸ್ ಪ್ರಾಕ್ಟಿಷನರ್ ವಿದ್ಯಾರ್ಥಿ ಕನಿಷ್ಠ 750 ಗಂಟೆ ನೇರವಾಗಿ ರೋಗಿಗಳನ್ನು ನೋಡಬೇಕು. ಆ ಗಂಟೆಗಳಿಗೆ ನಿನ್ನನ್ನು ಜೊತೆಗಿಟ್ಟುಕೊಂಡು ಕಲಿಸುವವರನ್ನು ಕೆಲವು ಕಾಲೇಜು ತಾವೇ ಹುಡುಕಿಕೊಡುತ್ತವೆ. ಕೆಲವು ನೀನೇ ಹುಡುಕಿಕೋ ಅನ್ನುತ್ತವೆ. ಇಲ್ಲೇ ಹತ್ತು ವರ್ಷ ಕೆಲಸ ಮಾಡಿದವರೇ ಪ್ರಿಸೆಪ್ಟರ್ ಸಿಗದೆ ಒದ್ದಾಡುತ್ತಾರೆ. ನಿನಗೆ ಇಲ್ಲಿ ಯಾರ ಪರಿಚಯವೂ ಇರಲ್ಲ. ತಾವೇ ಹುಡುಕಿಕೊಡುವ ಕಾಲೇಜು ರ‍್ಯಾಂಕಿಂಗ್‌ನಲ್ಲಿ ಮೂವತ್ತು ಮೆಟ್ಟಿಲು ಕೆಳಗಿದ್ದರೂ ನಾನು ಅದನ್ನೇ ಆರಿಸುತ್ತೇನೆ. ನರ್ಸಿಂಗ್ ಕೋರ್ಸುಗಳನ್ನು ಪರಿಶೀಲಿಸುವ ಸಿಸಿಎನ್‌ಇ ಅಥವಾ ಎಸಿಇಎನ್ ಸಂಸ್ಥೆಯ ಮಾನ್ಯತೆ ಇದೆಯಾ ನೋಡಿಕೋ, ಅಷ್ಟು ಸಾಕು.

ಇನ್ನು ಲೈಸೆನ್ಸ್. ಇಲ್ಲಿ ಇಡೀ ದೇಶಕ್ಕೆ ಒಂದು ನರ್ಸಿಂಗ್ ಕೌನ್ಸಿಲ್ ಇಲ್ಲ. ಪ್ರತಿ ರಾಜ್ಯಕ್ಕೂ ಅದರದೇ ಬೋರ್ಡ್, ಅದರದೇ ಹಟ. 40ಕ್ಕೂ ಹೆಚ್ಚು ರಾಜ್ಯಗಳು ಸೇರಿ ಒಂದೇ ಲೈಸೆನ್ಸ್ ಎಲ್ಲ ಕಡೆ ನಡೆಯುವ ಒಪ್ಪಂದ ಮಾಡಿಕೊಂಡಿವೆ. ಆದರೆ ಆ ಬಹುರಾಜ್ಯ ಲೈಸೆನ್ಸ್‌ಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಕೇ ಬೇಕು. ವಿದ್ಯಾರ್ಥಿಗೆ ಆ ನಂಬರ್ ಸಿಗುವುದು ಸಾಮಾನ್ಯವಾಗಿ ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕಿದ ಮೇಲೆಯೇ. ಕೆಲಸ ಸಿಗಬೇಕಾದರೆ ಮೊದಲು ಇಲ್ಲಿಗೆ ಬಂದಿರಬೇಕು. ಕಾಲೇಜು ನೋಡಿದರೆ ಕ್ಲಿನಿಕಲ್ ಶುರುವಾಗುವ ಮುಂಚೆ, ಕೆಲವೊಮ್ಮೆ ಸೇರುವ ಮುಂಚೆಯೇ, ಲೈಸೆನ್ಸ್ ತೋರಿಸು ಅನ್ನುತ್ತದೆ. ಈ ಗಂಟು ಬಿಡಿಸಲು ಒಂದು ದಾರಿ ಇದೆ. ನ್ಯೂಯಾರ್ಕ್‌ನಂಥ ರಾಜ್ಯ ಆ ನಂಬರ್ ಇಲ್ಲದೆಯೂ ಅರ್ಜಿ ತೆಗೆದುಕೊಳ್ಳುತ್ತದೆ. ನಮ್ಮ ಕಡೆಯ ನರ್ಸ್‌ಗಳು ಎಷ್ಟೋ ಜನ ಅಲ್ಲೇ ಮೊದಲ ಲೈಸೆನ್ಸ್ ಮಾಡಿಸಿ ಆಮೇಲೆ ಅದರ ಆಧಾರದ ಮೇಲೆ ಬೇರೆ ರಾಜ್ಯದ ಲೈಸೆನ್ಸ್ ಪಡೆಯುತ್ತಾರೆ, ಇದಕ್ಕೆ ಎಂಡಾರ್ಸ್ ಮಾಡಿಸುವುದು ಅನ್ನುತ್ತಾರೆ. ನೀನು ಓದುವ ರಾಜ್ಯದ ಬೋರ್ಡ್ ಅದಕ್ಕೆ ಏನು ಕೇಳುತ್ತದೆ ಅಂತ ಮಾತ್ರ ಮೊದಲೇ ಓದಿಕೋ.

ಕ್ಯಾಲಿಫೋರ್ನಿಯಾ ಬಗ್ಗೆ ಒಂದು ಮಾತು, ನಿನ್ನ ಪಟ್ಟಿಯಲ್ಲಿ ಅಲ್ಲಿನ ಕಾಲೇಜುಗಳು ಜಾಸ್ತಿ ಇವೆ. ಅಲ್ಲಿನ ಬೋರ್ಡ್ ನಿನ್ನ ಬಿಎಸ್ಸಿಯ ಥಿಯರಿ ಮತ್ತು ಕ್ಲಿನಿಕಲ್ ಎರಡೂ ಒಂದೇ ಅವಧಿಯಲ್ಲಿ ನಡೆದಿದೆಯೇ ಅಂತ ವಿಷಯವಾರು ನೋಡುತ್ತದೆ. ಒಂದು ವರ್ಷ ಸೈಕಿಯಾಟ್ರಿ ಪಾಠ, ಇನ್ನೊಂದು ವರ್ಷ ಅದರ ಪೋಸ್ಟಿಂಗ್ ಅಂತ ಮಾರ್ಕ್ಸ್ ಕಾರ್ಡಿನಲ್ಲಿದ್ದರೆ ತಕರಾರು. ಹೊರದೇಶದಲ್ಲಿ ಓದಿದ ಎಷ್ಟೋ ನರ್ಸ್‌ಗಳು ಇದರಲ್ಲೇ ಸಿಕ್ಕಿಕೊಂಡು, ಇಲ್ಲಿಗೆ ಬಂದು ಮತ್ತೆ ಆ ವಿಷಯ ಕಟ್ಟಿ ಓದಬೇಕಾಗಿದೆ. ಅಲ್ಲಿನ ಕಾಲೇಜೇ ಬೇಕು ಅಂತಿದ್ದರೆ ನಿನ್ನ ಕ್ಲಿನಿಕಲ್ ಪೋಸ್ಟಿಂಗ್‌ಗಳ ತಾರೀಖು ಇರುವ ದಾಖಲೆ ನಿನ್ನ ಕಾಲೇಜಿನಲ್ಲಿ ಸಿಗುತ್ತದಾ ನೋಡು.

ದಾಖಲೆ ಅಂದ ಕೂಡಲೇ ನಮ್ಮವರಿಗೆ ಮಾತ್ರ ಬರುವ ಒಂದು ರಗಳೆ ನೆನಪಾಯಿತು. ಇನಿಷಿಯಲ್! ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್, ಕೌನ್ಸಿಲ್ ಸರ್ಟಿಫಿಕೇಟಿನಲ್ಲಿ ಒಂದೇ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ. ನಮಗೆ ಇದೆಲ್ಲ ಒಬ್ಬನೇ ಮನುಷ್ಯ. ಇಲ್ಲಿನ ಕಂಪ್ಯೂಟರಿಗೆ ಮೂರು ಜನ. ಪಾಸ್‌ಪೋರ್ಟಿನಲ್ಲಿ ಗಿವನ್ ನೇಮ್ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿನ್ನ ಹೆಸರು ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಬರುತ್ತದೆ. ಆಮೇಲೆ ಬ್ಯಾಂಕು, ಲೈಸೆನ್ಸು, ಆಸ್ಪತ್ರೆ ಬ್ಯಾಡ್ಜು ಎಲ್ಲ ಕಡೆ ನೀನು ಎಫ್‌ಎನ್‌ಯು. ಮೊದಲು ಪಾಸ್‌ಪೋರ್ಟ್ ಸರಿ ಮಾಡಿಸು. ಉಳಿದ ಕಡೆ ಎಲ್ಲ ಅದೇ ಹೆಸರಲ್ಲಿ ಅರ್ಜಿ ಹಾಕು. ಹಳೆಯ ದಾಖಲೆಗಳಿಗೆ ಇವೆರಡೂ ಒಬ್ಬನದೇ ಹೆಸರು ಅಂತ ಒಂದು ಅಫಿಡವಿಟ್ ಮಾಡಿಸಿಡು.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್, ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನ ವೆರಿಫಿಕೇಶನ್, ಇವು ನಿನ್ನ ಕೈಯಿಂದ ಹೋಗುವಂತಿಲ್ಲ. ಸಂಸ್ಥೆಯಿಂದ ನೇರವಾಗಿ ಹೊರದೇಶದ ನರ್ಸ್‌ಗಳ ದಾಖಲೆ ಪರಿಶೀಲಿಸುವ ಸಿಜಿಎಫ್‌ಎನ್‌ಎಸ್‌ಗೆ ಹೋಗಬೇಕು. 2025ರಲ್ಲಿ ಅದರ ಹೆಸರು ಟ್ರೂಮೆರಿಟ್ ಅಂತ ಬದಲಾಗಿದೆ, ಗಾಬರಿ ಬೀಳಬೇಡ, ಸಂಸ್ಥೆ ಅದೇ. ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು ಇದೇ. ಹಾಗಾಗಿ ಕಾಲೇಜು ಇನ್ನೂ ಗೊತ್ತಾಗದಿದ್ದರೂ ಇದನ್ನು ಈಗಲೇ ಶುರು ಮಾಡು.

ಆರ್‌ಎನ್ ಲೈಸೆನ್ಸ್‌ಗೆ ಪಾಸಾಗಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. 200 ಡಾಲರ್ ಶುಲ್ಕ, ಹೊರದೇಶದ ಸೆಂಟರ್ ಅಂತ ಮೇಲೆ 150. 85ರಿಂದ 150 ಪ್ರಶ್ನೆ, ಐದು ಗಂಟೆ. ನೀನು ಉತ್ತರಿಸಿದ ಹಾಗೆ ಮುಂದಿನ ಪ್ರಶ್ನೆಯ ಮಟ್ಟ ಬದಲಾಗುತ್ತದೆ. 2023ರ ಏಪ್ರಿಲ್‌ನಿಂದ ಕೇಸ್ ಸ್ಟಡಿಗಳು ಬಂದಿವೆ. ಬಾಯಿಪಾಠದಿಂದ ಆಗಲ್ಲ. ನಾಲ್ಕು ರೋಗಿಗಳಲ್ಲಿ ಮೊದಲು ಯಾರ ಹತ್ತಿರ ಹೋಗ್ತೀಯ ಅನ್ನೋ ಥರದ ಪ್ರಶ್ನೆ. ನಮ್ಮ ವಾರ್ಡಿನ ಉತ್ತರ ಡಾಕ್ಟರಿಗೆ ಫೋನ್ ಮಾಡು ಅಂತಿರುತ್ತದೆ. ಪರೀಕ್ಷೆಯಲ್ಲಿ ಬಹಳ ಸಲ ಅದು ತಪ್ಪು ಉತ್ತರ. ಮೊದಲು ನೀನು ಏನು ಮಾಡುತ್ತೀಯ ಅಂತ ಕೇಳುತ್ತಿದ್ದಾರೆ.

ಸ್ಟೇಟ್‌ಮೆಂಟ್ ಆಫ್ ಪರ್ಪಸ್ ನೀನೇ ಬರೆ. ದಯವಿಟ್ಟು ಫ್ಲಾರೆನ್ಸ್ ನೈಟಿಂಗೇಲ್ ಅವರ ದೀಪದಿಂದ ಶುರು ಮಾಡಬೇಡ, ಪಾಪ, ಅವರನ್ನು ಎಷ್ಟು ಸಲ ಎಬ್ಬಿಸುತ್ತಾರೋ. ಎಳೆವಯಸ್ಸಿನಿಂದ ಸೇವೆ ಮಾಡುವ ಆಸೆ ಅಂತಲೂ ಬೇಡ. ಬಿಪಿ ಎತ್ತುವ ನಾರ್‌ಅಡ್ರಿನಲಿನ್ ಔಷಧಿ ಎಷ್ಟು ಏರಿಸಬೇಕು ಅಂತ ನಿನಗೆ ಗೊತ್ತಿದ್ದೂ, ಆರ್ಡರ್ ಬರೋ ತನಕ ಕಾಯಬೇಕಾದ ಒಂದು ರಾತ್ರಿ ಇದ್ದೇ ಇರುತ್ತದೆ. ಅದನ್ನು ಬರೆ, ಯಾಕೆ ಓದಬೇಕು ಅನ್ನೋದು ತಾನಾಗೇ ಬರುತ್ತದೆ. ಶಿಫಾರಸು ಪತ್ರ ಸೂಪರಿಂಟೆಂಡೆಂಟ್ ಹತ್ತಿರವೇ ಬೇಕು ಅಂತಿಲ್ಲ. ನಿನ್ನ ಕೆಲಸ ಕಣ್ಣಾರೆ ನೋಡಿದ ಇನ್‌ಚಾರ್ಜ್ ಸಿಸ್ಟರ್ ಬರೆದ ಅರ್ಧ ಪುಟ ಅದಕ್ಕಿಂತ ತೂಕದ್ದು.

ದುಡ್ಡಿನ ವಿಷಯದಲ್ಲಿ ಒಂದು ಭ್ರಮೆ ಬೇಡ. ಆರ್‌ಎನ್ ಲೈಸೆನ್ಸ್ ಕೈಗೆ ಬಂದ ಮೇಲೆ ವಾರಾಂತ್ಯ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡಿ ಸಾಲ ತೀರಿಸುತ್ತೇನೆ ಅಂತ ನೀನು ಬರೆದಿದ್ದೀಯ. ಆಗಲ್ಲ. ಲೈಸೆನ್ಸ್ ಬೇರೆ, ಕೆಲಸ ಮಾಡುವ ವೀಸಾ ಬೇರೆ. ಎಫ್-1ನಲ್ಲಿ ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ ಒಳಗೆ. ವಿಶ್ವವಿದ್ಯಾಲಯದ ಆಸ್ಪತ್ರೆಯೇ ಆದರೂ ಅದು ಕಾನೂನಿನ ಪ್ರಕಾರ ಬೇರೆ ಸಂಸ್ಥೆ ಆಗಿರಬಹುದು. ವಿದೇಶಿ ವಿದ್ಯಾರ್ಥಿಗಳ ಕಚೇರಿ ಹೂಂ ಅನ್ನದೆ ಒಂದು ಶಿಫ್ಟೂ ಮಾಡಬೇಡ. ಓದು ಮುಗಿದ ಮೇಲೆ ಒಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ, 12 ತಿಂಗಳು. ಐಟಿಯವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ನಮಗಿಲ್ಲ, ಕ್ಲಿನಿಕಲ್ ನರ್ಸಿಂಗ್ ಪದವಿಗಳು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ. ಸಾಲದ ಕಂತಿನ ಲೆಕ್ಕ ಈ 12 ತಿಂಗಳನ್ನೇ ನಂಬಿ ಹಾಕಬೇಡ.

ಹೊರಡುವ ತಯಾರಿಯಲ್ಲಿ ಎಲ್ಲರೂ ಸೂಟ್‌ಕೇಸ್ ತೂಕದ ಬಗ್ಗೆ ಕೇಳುತ್ತಾರೆ. ನಾನು ಲಸಿಕೆ ಬಗ್ಗೆ ಕೇಳುತ್ತೇನೆ. ಕ್ಲಿನಿಕಲ್‌ಗೆ ಬಿಡಬೇಕಾದರೆ ಎಂಎಂಆರ್, ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ ಎಲ್ಲದಕ್ಕೂ ಪುರಾವೆ ಬೇಕು. ಹೆಪಟೈಟಿಸ್ ಬಿ ಹಾಕಿಸಿಕೊಂಡಿದ್ದೇನೆ ಅಂದರೆ ಸಾಲದು, ರಕ್ತದಲ್ಲಿ ಆಂಟಿಬಾಡಿ ಮಟ್ಟ, ಅಂದರೆ ಟೈಟರ್, 10ರ ಮೇಲಿರಬೇಕು. ಇಲ್ಲದಿದ್ದರೆ ಮತ್ತೆ ಡೋಸ್. ಪೂರ್ತಿ ಕೋರ್ಸ್ ಆದರೆ ಆರು ತಿಂಗಳು ಹಿಡಿಯುತ್ತದೆ. ಅದಕ್ಕೇ ಈ ವಾರವೇ ರಕ್ತ ಕೊಟ್ಟು ನೋಡು. ಟಿಬಿಗೆ ಚರ್ಮದ ಪರೀಕ್ಷೆ ಮಾಡಿಸಬೇಡ. ನಮಗೆಲ್ಲ ಬಿಸಿಜಿ ಆಗಿರುವುದರಿಂದ ಅದು ಸುಮ್ನೆ ಪಾಸಿಟಿವ್ ತೋರಿಸಬಹುದು. ಐಜಿಆರ್‌ಎ ರಕ್ತ ಪರೀಕ್ಷೆ ಕೇಳು, ಬಿಸಿಜಿ ಅದನ್ನು ಕೆಡಿಸಲ್ಲ.

ಕೋರ್ಸ್ ಶುರುವಾಗುವ 30 ದಿನ ಮುಂಚೆ ಮಾತ್ರ ದೇಶದೊಳಗೆ ಬಿಡುತ್ತಾರೆ. ಆ ತಿಂಗಳು ಪೂರ್ತಿ ಬಳಸಿಕೋ. ಫೋಟೋ ನೋಡಿ ಮನೆಗೆ ಮುಂಗಡ ಕಳಿಸಬೇಡ. ಮೊದಲು ಎಲ್ಲಾದರೂ ತಾತ್ಕಾಲಿಕವಾಗಿ ಇದ್ದು, ಕಣ್ಣಾರೆ ನೋಡಿ ಲೀಸ್ ಮಾಡು. ಇಲ್ಲಿ ನಿನಗೆ ಕ್ರೆಡಿಟ್ ಇತಿಹಾಸ ಇರಲ್ಲ, ಹಾಗಾಗಿ ಡೆಪಾಸಿಟ್ ಜಾಸ್ತಿ ಕೇಳಬಹುದು. ಮನೆ ಕಾಲೇಜಿಗೆ ಹತ್ತಿರ ಇರಲಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕೋರ್ಸಿಗೆ ಅದು ಅಷ್ಟು ಮುಖ್ಯ ಅಲ್ಲ. ಕ್ಲಿನಿಕಲ್ ಒಂದು ಸೆಮಿಸ್ಟರ್ ಈ ಆಸ್ಪತ್ರೆ, ಇನ್ನೊಂದು ಸೆಮಿಸ್ಟರ್ ಊರಾಚೆಯ ಇನ್ನೊಂದು. ಬೆಳಗಿನ ಏಳಕ್ಕೆ ಅಲ್ಲಿರಬೇಕು, ಆ ಹೊತ್ತಿಗೆ ಬಸ್ಸು ಇರುವ ಊರುಗಳು ಇಲ್ಲಿ ಕಡಿಮೆ. ಡ್ರೈವಿಂಗ್ ಕಲಿತು ಬಾ. ಹಳೆ ಕಾರಿನ ದುಡ್ಡನ್ನೂ ಬಜೆಟ್ಟಿನಲ್ಲಿ ಸೇರಿಸು.

ಇಲ್ಲಿಗೆ ಬಂದ ಮೇಲಿನ ಕಷ್ಟ ನಾನು ಅಂದುಕೊಂಡ ಕಡೆಯಿಂದ ಬರಲಿಲ್ಲ. ಇಂಗ್ಲಿಷ್ ಅಲ್ಲ, ಚಳಿಯೂ ಅಲ್ಲ. ರೋಗಿಯನ್ನು ನೋಡಿ ಹೊರಗೆ ಬಂದಾಗ ಪ್ರಿಸೆಪ್ಟರ್ ಕೇಳುತ್ತಾರೆ: ನಿನ್ನ ಪ್ರಕಾರ ಇದು ಏನು? ಇನ್ನೇನೇನು ಆಗಿರಬಹುದು? ಈಗ ಏನು ಮಾಡ್ತೀಯ? ಗೊತ್ತಿರುತ್ತದೆ, ಬಾಯಿ ಬರಲ್ಲ. ಇಷ್ಟು ವರ್ಷ ವೈಟಲ್ಸ್ ಹೇಳಿ ಸುಮ್ಮನೆ ನಿಂತು ಅಭ್ಯಾಸ ಆಗಿದೆಯಲ್ಲ. ನೀನು ಇದನ್ನು ಅಲ್ಲಿಂದಲೇ ಶುರು ಮಾಡಬಹುದು. ರೌಂಡ್ಸ್ ಬರುವ ಮುಂಚೆ ನಿನ್ನ ರೋಗಿಯ ಬಗ್ಗೆ ಮೂರು ಸಾಧ್ಯತೆ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೋ. ಆಮೇಲೆ ಡಾಕ್ಟರ್ ಏನಂದರು ಅಂತ ಹೋಲಿಸಿ ನೋಡು. ಯಾರಿಗೂ ತೋರಿಸಬೇಕಾಗಿಲ್ಲ.

ಗುರುವಾರ ರಾತ್ರಿ ನನಗೆ ಬಿಡುವಿದೆ, ಅಂದರೆ ನಿನಗೆ ಶುಕ್ರವಾರ ಬೆಳಿಗ್ಗೆ. ನೈಟ್ ಡ್ಯೂಟಿ ಮುಗಿಸಿ ಮಲಗುವ ಮುಂಚೆ ಫೋನ್ ಮಾಡು. ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೋ, ಮೊದಲು ಹೆಸರಿನ ವಿಷಯ ಮುಗಿಸೋಣ.

ಇಂತಿ ನಿನ್ನ ಹಳೆಯ ಐಸಿಯು ಜೊತೆಗಾರ